ಲೆಕ್ಕ ಹಾಕುವ ಕೈ ಮನೆಯವರದಾಗಲಿ: ವಸ್ತಿಗಳ ಬೆಳಕಿನ ಕಮ್ಮಟಗಳಲ್ಲಿ ಕಲಿತದ್ದು

ಕೂಡಗಿಯ ಉಷ್ಣ ವಿದ್ಯುತ್ ಸ್ಥಾವರದಲ್ಲಿ 800 ಮೆಗಾವ್ಯಾಟಿನ ಮೂರು ಘಟಕಗಳಿವೆ. ಆಲಮಟ್ಟಿಯ ಜಲವಿದ್ಯುತ್ ಕೇಂದ್ರದ ಸಾಮರ್ಥ್ಯ 290 ಮೆಗಾವ್ಯಾಟ್. ಹೊಸ ತಾಲ್ಲೂಕುಗಳಾಗುವ ಮುಂಚೆ ಇವೆರಡೂ ಬಸವನ ಬಾಗೇವಾಡಿ ತಾಲ್ಲೂಕಿನಲ್ಲೇ ಇದ್ದವು. ನಾಡಿಗೆ ಇಷ್ಟು ಬೆಳಕು ಕೊಡುವ ವಿಜಯಪುರ ಜಿಲ್ಲೆಯಲ್ಲಿ, ಹೊಲದ ನಡುವಿನ ವಸ್ತಿಗಳಲ್ಲಿ, ಸಣ್ಣ ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು ಎಮ್ಮೆ ಹಿಂಡುವ ಹೆಣ್ಣುಮಕ್ಕಳು ಇನ್ನೂ ಇದ್ದಾರೆ.

ಇದು ಕಾಡಿನ ಕಥೆಯಲ್ಲ, ಗುಡ್ಡಗಾಡಿನದೂ ಅಲ್ಲ. ಈ ಬಯಲುಸೀಮೆಯಲ್ಲಿ ಊರು ಬಿಟ್ಟು ಹೊಲದಲ್ಲೇ ಮನೆ ಕಟ್ಟಿಕೊಂಡವರು ಬಹಳ. ಇಂಡಿ ಕಡೆ ಮನೆತನದ ಹೆಸರಿಗೆ ‘ವಸ್ತಿ’ ಎಂದು ಸೇರಿಸಿ ಕರೆಯುವ ಸರ್ಕಾರಿ ಶಾಲೆಗಳೇ ಇವೆ. ಊರಿನ ನೂರರಲ್ಲಿ ಹತ್ತು ಮನೆಗೆ ಸಂಪರ್ಕವಾದರೆ, ಶಾಲೆ ಪಂಚಾಯಿತಿಯಂಥ ಕಡೆ ದೀಪ ಹತ್ತಿದರೆ, ಆ ಊರಿಗೆ ವಿದ್ಯುತ್ ಬಂತೆಂದು ಕಾಗದದಲ್ಲಿ ಬರೆಯುವ ವ್ಯಾಖ್ಯೆ 2004ರಿಂದ ದೇಶದಲ್ಲಿ ನಡೆದು ಬಂತು. 2017ರ ಸೌಭಾಗ್ಯ ಯೋಜನೆ ಮನೆಮನೆಯ ಲೆಕ್ಕ ಹಿಡಿಯಿತು, ಅನೇಕರಿಗೆ ಮೀಟರ್ ಬಂತು. ಆದರೆ ಮೀಟರ್ ಬಂದ ಮೇಲೂ ಒಂದು ತೊಡಕು ಉಳಿಯಿತು. ನಿರಂತರ ಜ್ಯೋತಿ ಯೋಜನೆಯಲ್ಲಿ ಊರಿನ ಫೀಡರ್ ಬೇರೆ, ಪಂಪ್‌ಸೆಟ್ಟಿನ ಫೀಡರ್ ಬೇರೆಯಾದಾಗ ವಸ್ತಿಗಳು ಪಂಪ್‌ಸೆಟ್ಟಿನ ಫೀಡರಿನ ಮೇಲೆಯೇ ಉಳಿದವು. ಅಲ್ಲಿ ಥ್ರೀ ಫೇಸ್ ದಿನಕ್ಕೆ ಏಳು ಗಂಟೆಯ ಲೆಕ್ಕ, ಅದೂ ಪಾಳಿಯ ಮೇಲೆ. ರಾತ್ರಿ ಸಿಂಗಲ್ ಫೇಸ್ ಕೊಟ್ಟರೆ ದೀಪ ಉಂಟು, ಕೊಡದಿದ್ದರೆ ಇಲ್ಲ. ಟಿ.ಸಿ. (ಟ್ರಾನ್ಸ್‌ಫಾರ್ಮರ್) ಸುಟ್ಟರಂತೂ ಅದು ಬದಲಾಗುವವರೆಗೆ ಕತ್ತಲೇ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ಇಂಥ ವಸ್ತಿ ಮತ್ತು ತಾಂಡಾಗಳಲ್ಲಿ ನಾವು ನಡೆಸುವುದು ಸಣ್ಣ ಸಣ್ಣ ಕಮ್ಮಟ. ಮನೆಯವರು, ಸೋಲಾರ್ ಜೋಡಿಸುವ ಹುಡುಗರು, ಬ್ಯಾಂಕಿನವರು, ಬಂದರೆ ವಿದ್ಯುತ್ ಕಂಪನಿ ಹೆಸ್ಕಾಂನವರು, ಎಲ್ಲರೂ ಒಂದೇ ಚಾಪೆಯ ಮೇಲೆ ಕೂರುತ್ತಾರೆ. ಆ ಚಾಪೆಯ ಮೇಲೆ ಕಲಿತದ್ದನ್ನು, ಇದೇ ಕೆಲಸಕ್ಕೆ ಇಳಿಯುವವರಿಗಾಗಿ ಬರೆಯುತ್ತಿದ್ದೇನೆ.

1. ಕಮ್ಮಟ ವಸ್ತಿಯಲ್ಲೇ ನಡೆಯಲಿ, ಹೊತ್ತು ಮುಳುಗುವಾಗ

ತಾಲ್ಲೂಕು ಕೇಂದ್ರದ ಸಭಾಭವನದಲ್ಲಿ ಬೆಳಗ್ಗೆ ಹನ್ನೊಂದಕ್ಕೆ ಕರೆದರೆ ಬರುವವರು ಗಂಡಸರು, ಅದರಲ್ಲೂ ಬೈಕ್ ಇದ್ದವರು. ಕತ್ತಲಲ್ಲಿ ದುಡಿಯುವವರು ಬರುವುದಿಲ್ಲ. ಅವರು ಬರಲಿಲ್ಲವೆಂದರೆ ಇಡೀ ಮಾತು ‘ಎಷ್ಟು ಸಬ್ಸಿಡಿ’ ಎಂಬಲ್ಲಿಗೇ ನಿಲ್ಲುತ್ತದೆ.

ಸಂಜೆ ಆರರ ಹೊತ್ತಿಗೆ ವಸ್ತಿಯ ಅಂಗಳದಲ್ಲಿ ಕೂತರೆ ಯಾರೂ ವಿವರಿಸಬೇಕಾಗಿಲ್ಲ. ಕತ್ತಲು ಎಲ್ಲೆಲ್ಲಿ ಕುಳಿತಿದೆ ಎಂಬುದು ಕಣ್ಣಿಗೇ ಕಾಣುತ್ತದೆ: ಒಲೆಯ ಮುಂದೆ, ದನದ ಕೊಟ್ಟಿಗೆಯ ಗೋದಲಿಯ ಹತ್ತಿರ, ಬಚ್ಚಲಿಗೆ ಹೋಗುವ ದಾರಿಯಲ್ಲಿ, ಕಟ್ಟಿಗೆ ಒಟ್ಟಿದ ಮೂಲೆಯಲ್ಲಿ. ಆ ಕಟ್ಟಿಗೆಯ ಮೂಲೆಯಲ್ಲೇ ಹಾವು ಚೇಳು. ಸೋಲಾರ್ ಹುಡುಗರು ಸಾಮಾನ್ಯವಾಗಿ ಪಡಸಾಲೆಯ ನಡುಮಧ್ಯಕ್ಕೆ ದೊಡ್ಡ ಬಲ್ಬ್ ಹಾಕಿ ಹೋಗುತ್ತಾರೆ. ಟಿವಿ ಇರುವ ಮನೆಯ ನಕ್ಷೆ ಅವರ ತಲೆಯಲ್ಲಿರುತ್ತದೆ. ಸಿಂದಗಿ ಕಡೆಯ ಒಂದು ವಸ್ತಿಯಲ್ಲಿ ಒಬ್ಬ ಅವ್ವ ನಮ್ಮ ಹುಡುಗನ ಕೈ ಹಿಡಿದು ಕೊಟ್ಟಿಗೆಗೆ ಕರೆದೊಯ್ದು, “ಇಲ್ಲಿ ಹಾಕಪಾ ತಮ್ಮ, ಪಡಸಾಲ್ಯಾಗ ನಾ ಎಲ್ಲಿ ಕೂಡ್ತೀನಿ” ಎಂದಳು. ಅಂದಿನಿಂದ ಬಲ್ಬಿನ ಜಾಗ ಗುರುತಿಸುವ ಕೆಲಸ ಮನೆಯ ಹೆಣ್ಣುಮಕ್ಕಳದು. ಸುಣ್ಣದಿಂದ ಅವರು ಗುರುತು ಹಾಕಿದ ಮೇಲೆಯೇ ತಂತಿ ಅಳೆಯುವುದು.

2. ಪಂಚಾಂಗ ನೋಡದೆ ದಿನ ಇಡಬೇಡಿ

ಮಹಾನವಮಿಯ ಆಸುಪಾಸಿನಲ್ಲಿ ಹಿಂಗಾರಿ ಬಿತ್ತನೆ. ಎಳ್ಳಮಾವಾಸ್ಯೆಗೆ ಚರಗ ಚೆಲ್ಲುವ ಹೊತ್ತಿಗೆ ಜೋಳ ತೆನೆಗೆ ಬಂದಿರುತ್ತದೆ. ಆಮೇಲೆ ತೊಗರಿ ರಾಶಿ, ಕಡಲೆ, ಜೋಳದ ಸುಗ್ಗಿ. ತಾಂಡಾದ ಅನೇಕ ಕುಟುಂಬಗಳು ದೀಪಾವಳಿ ಕಳೆದರೆ ಕಬ್ಬಿನ ಗ್ಯಾಂಗಿನೊಂದಿಗೆ ಹೊರಟು ಯುಗಾದಿಯ ಸುಮಾರಿಗೆ ತಿರುಗಿ ಬರುತ್ತವೆ. ಆದ್ದರಿಂದ ಯುಗಾದಿಯಿಂದ ಕಾರಹುಣ್ಣಿಮೆಯವರೆಗಿನ ದಿನಗಳು ನಮಗೆ ಒದಗುತ್ತವೆ. ಆಗ ಎಲ್ಲರೂ ಊರಲ್ಲಿರುತ್ತಾರೆ, ಹೊಲ ಖಾಲಿ ಇರುತ್ತದೆ.

ಆ ಕಾಲಕ್ಕೆ ಒಂದು ಅಪಾಯವೂ ಉಂಟು. ಏಪ್ರಿಲಿನ ಬಿಸಿಲಲ್ಲಿ ಎಂಥ ಸಣ್ಣ ಪ್ಯಾನೆಲೂ ಬ್ಯಾಟರಿ ತುಂಬಿಸಿಬಿಡುತ್ತದೆ. ಪರೀಕ್ಷೆ ಎದುರಾಗುವುದು ಆಷಾಢ ಶ್ರಾವಣದಲ್ಲಿ, ಮಳೆ ಕಡಿಮೆ ಸುರಿದರೂ ಮೋಡ ದಿನಗಟ್ಟಲೆ ಕವಿದಿರುವಾಗ. ಬೇಸಿಗೆಯ ಕಮ್ಮಟದಲ್ಲಿ ಶ್ರಾವಣದ ಲೆಕ್ಕ ಹಾಕಿಸಬೇಕು.

3. ‘ಏನು ಬೇಕು’ ಎಂಬ ಪ್ರಶ್ನೆಗೆ ಉತ್ತರ ಮೊದಲ ದಿನವೇ ಸಿಗುವುದಿಲ್ಲ

ಈ ಪಾಠದ ದೊಡ್ಡ ಉದಾಹರಣೆ ನಮ್ಮ ಜಿಲ್ಲೆಯದಲ್ಲ, ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯದು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಎ.ಕೆ.ಎನ್. ರೆಡ್ಡಿಯವರು ‘ಅಸ್ತ್ರ’ ಕೇಂದ್ರವನ್ನು ಕಟ್ಟಿದರು. ಪುರದಲ್ಲಿ ಆ ತಂಡ ಮೊದಲು ಊರಿನ ಶಕ್ತಿಯ ಬಳಕೆಯನ್ನೆಲ್ಲ ಅಳೆಯಿತು: ಎಷ್ಟು ಸೌದೆ, ಎಷ್ಟು ಎಣ್ಣೆ, ಎಷ್ಟು ಮೈಗೆಲಸ. ಅಡುಗೆಗೇ ಹೆಚ್ಚಿನ ಶಕ್ತಿ ಹೋಗುತ್ತಿತ್ತು, ಹಾಗಾಗಿ ಸಮುದಾಯದ ಗೋಬರ್ ಗ್ಯಾಸ್ ಸ್ಥಾವರ ಕಟ್ಟಿ ಅಡುಗೆಗೆ ಅನಿಲ ಕೊಡಲು ಹೊರಟರು. ಎಲ್ಲ ಒಲೆಗೂ ಸಾಲುವಷ್ಟು ಅನಿಲ ಬರಲಿಲ್ಲ. ಊರವರಿಗೆ ಮೊದಲು ಬೇಕಾಗಿದ್ದುದೂ ಅದಾಗಿರಲಿಲ್ಲ. ಕುಡಿಯುವ ನೀರು ಬೇಕಿತ್ತು, ಮನೆಗೆ ದೀಪ ಬೇಕಿತ್ತು. 1987ರಲ್ಲಿ ಅದೇ ಅನಿಲದಿಂದ ಎಂಜಿನ್ ಓಡಿಸಿ, ವಿದ್ಯುತ್ ತೆಗೆದು, ಕೊಳವೆಬಾವಿಯ ನೀರನ್ನು ನಲ್ಲಿಗೆ ಏರಿಸಿದರು, ಮನೆಗಳಿಗೆ ದೀಪ ಕೊಟ್ಟರು. ಸಗಣಿ ತಂದವರಿಗೆ ಕೆಲವು ಪೈಸೆ ಕೂಲಿ ಕೊಟ್ಟು, ಸ್ಥಾವರದಿಂದ ಹೊರಬಂದ ರಾಡಿಯನ್ನೂ ಅವರವರ ಪಾಲಿನಂತೆ ತಿರುಗಿ ಗೊಬ್ಬರಕ್ಕೆ ಒಯ್ಯಲು ಬಿಟ್ಟರು. ಸ್ಥಾವರ ನಡೆಸಿದವರು ಊರಿನ ಹುಡುಗರೇ. ಆ ಮೇಲೆ ಅದು ಊರಿನದಾಯಿತು.

ಅಷ್ಟು ದೊಡ್ಡ ವಿಜ್ಞಾನಿಗಳು ಅಳತೆ ಮಾಡಿ ಕಂಡುಕೊಂಡ ಆದ್ಯತೆಯನ್ನು ಊರವರ ಮಾತಿಗೆ ಬದಲಿಸಿಕೊಂಡರಲ್ಲ, ಆ ದೊಡ್ಡಗುಣ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಅದಕ್ಕಾಗಿ ಒಂದೇ ಕಮ್ಮಟದಲ್ಲಿ ಮುಗಿಸುವ ಪದ್ಧತಿಯನ್ನು ನಾವು ಇಟ್ಟುಕೊಂಡಿಲ್ಲ. ಮೊದಲ ಸಲ ಕೇಳಿದಾಗ ಎಲ್ಲರೂ ಟಿವಿ, ಫ್ಯಾನು ಎನ್ನುತ್ತಾರೆ. ಮರುವಾರ ಹೋದಾಗ ಪ್ರಶ್ನೆ ಬದಲಿಸಿ, ‘ಕತ್ತಲಾಯಿತೆಂದು ಯಾವ ಕೆಲಸ ನಿಂತಿದೆ’ ಎಂದು ಕೇಳಬೇಕು. ಆಗ ಬರುವ ಉತ್ತರ ಬೇರೆ. ಮಗ ಎಸ್ಸೆಸ್ಸೆಲ್ಸಿ ಓದುತ್ತಿದ್ದಾನೆ, ಅವನನ್ನು ಊರಿನಲ್ಲಿ ಅತ್ತೆಯ ಮನೆಯಲ್ಲಿ ಬಿಟ್ಟಿದ್ದೇವೆ. ನಿಂಬೆಹಣ್ಣನ್ನು ಬೆಳಗಿನ ಗಾಡಿಗೆ ಚೀಲ ತುಂಬಬೇಕು, ರಾತ್ರಿ ಆರಿಸಲು ಆಗುವುದಿಲ್ಲ. ಬಾಣಂತಿಯನ್ನು ವಸ್ತಿಗೆ ಕರೆತರಲು ಬೀಗರು ಒಪ್ಪುತ್ತಿಲ್ಲ. ಈ ಮಾತುಗಳು ಬಂದ ಮೇಲೆಯೇ ಪ್ಯಾನೆಲಿನ ಮಾತು.

4. ಲೆಕ್ಕವನ್ನು ಅವರೇ ಹಾಕಲಿ, ನೆಲದ ಮೇಲೆ

ನಮ್ಮ ಕಮ್ಮಟದ ಜೀವ ಇರುವುದು ಇಲ್ಲಿ. ಪ್ರೊಜೆಕ್ಟರ್ ಒಯ್ಯುವುದಿಲ್ಲ. ಸೀಮೆಸುಣ್ಣವನ್ನು ಮನೆಯ ಯಾರಾದರೊಬ್ಬ ಹೆಣ್ಣುಮಗಳ ಕೈಗೆ ಕೊಡುತ್ತೇವೆ. ಸ್ವಸಹಾಯ ಸಂಘದ ಪುಸ್ತಕ ಬರೆಯುವವರು ವಸ್ತಿಗೊಬ್ಬರಾದರೂ ಇದ್ದೇ ಇರುತ್ತಾರೆ. ಬಡ್ಡಿ, ಉಳಿತಾಯ, ಕಂತು ಎಲ್ಲ ಅವರಿಗೆ ನೀರು ಕುಡಿದಷ್ಟು ಸಲೀಸು. ವ್ಯಾಟ್ ಅವರ್ ಎಂಬುದು ಅದಕ್ಕಿಂತ ಕಷ್ಟದ್ದಲ್ಲ.

ಲೆಕ್ಕ ಹೀಗೆ ಸಾಗುತ್ತದೆ. ಪ್ಯಾನೆಲ್ 40 ವ್ಯಾಟಿನದು. ನಮ್ಮ ಕಡೆ ದಿನಕ್ಕೆ ನಾಲ್ಕೂವರೆ ಗಂಟೆಯ ಪೂರ್ಣ ಬಿಸಿಲು ಎಂದು ಕೈ ಹಿಡಿದು ಎಣಿಸಿದರೆ 180 ವ್ಯಾಟ್ ಅವರ್. ತಂತಿ, ಕಾವು, ಧೂಳು, ಬ್ಯಾಟರಿ ನುಂಗುವುದು ಮೂರರಲ್ಲಿ ಒಂದು ಪಾಲು. ಕೈಗೆ ಸಿಗುವುದು 120. ಇನ್ನು ಖರ್ಚು: ಅಡುಗೆಯ ಕಡೆ 5 ವ್ಯಾಟಿನ ಎಲ್‌ಇಡಿ ನಾಲ್ಕು ಗಂಟೆ, 20. ಪಡಸಾಲೆಯಲ್ಲಿ ಅಂಥದ್ದೇ ಐದು ಗಂಟೆ, 25. ಕೊಟ್ಟಿಗೆಯಲ್ಲಿ 3 ವ್ಯಾಟಿನದು ಸಂಜೆ ಮತ್ತು ನಸುಕು ಸೇರಿ ಮೂರು ಗಂಟೆ, 9. ಎರಡು ಮೊಬೈಲ್, 20. ಇಲ್ಲಿಗೆ 74. ಉಳಿದದ್ದು 46. ಹದಿನೈದು ವ್ಯಾಟಿನ ಡಿಸಿ ಫ್ಯಾನು ಮೂರು ಗಂಟೆ ತಿರುಗಿದರೆ 45, ಅಲ್ಲಿಗೆ ಮುಗಿಯಿತು.

ಈ ಕೊನೆಯ ಸಾಲು ಬಂದಾಗ ಅಂಗಳದಲ್ಲಿ ಗದ್ದಲ ಏಳುತ್ತದೆ. ಫ್ಯಾನು ರಾತ್ರಿಯೆಲ್ಲ ಬೇಕಲ್ಲ! ಎಂಟು ಗಂಟೆ ತಿರುಗಿಸಿದರೆ ಫ್ಯಾನಿಗೊಂದಕ್ಕೇ 120 ಬೇಕು. ದೊಡ್ಡ ಪ್ಯಾನೆಲಿಗೆ ಹೋಗೋಣವೇ, ಫ್ಯಾನನ್ನು ಕೂಸು ಮಲಗುವಾಗ ಮಾತ್ರ ಹಾಕೋಣವೇ, ಪಡಸಾಲೆಯ ದೀಪ ಬೇಗ ಆರಿಸೋಣವೇ? ಅತ್ತೆ ಒಂದು ಹೇಳುತ್ತಾಳೆ, ಸೊಸೆ ಒಂದು ಹೇಳುತ್ತಾಳೆ, ಮಗ ಇನ್ನೊಂದು. ಆ ವಾದಕ್ಕೆ ಎಷ್ಟು ಹೊತ್ತು ಬೇಕಾದರೂ ಬಿಡಬೇಕು. ಆಗ ನಾವು ಬಾಯಿ ಹಾಕಕೂಡದು. ಮನೆಯವರೇ ಜಗಳವಾಡಿ ತೀರ್ಮಾನಿಸಿದ ಗಂಟೆಗಳನ್ನು ಮನೆಯವರು ಪಾಲಿಸುತ್ತಾರೆ. ನಾವು ಕಾಗದದಲ್ಲಿ ಬರೆದುಕೊಟ್ಟ ಗಂಟೆಗಳನ್ನು ಯಾರೂ ನೋಡುವುದಿಲ್ಲ.

ಬ್ಯಾಟರಿಯ ಲೆಕ್ಕವೂ ಹಾಗೆಯೇ. 12 ವೋಲ್ಟಿನ 20 ಆಂಪಿಯರ್ ಅವರ್ ಎಂದರೆ 240 ವ್ಯಾಟ್ ಅವರ್. ಸೀಸ-ಆಮ್ಲದ ಬ್ಯಾಟರಿ ಬಾಳಬೇಕಾದರೆ ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಅಂದರೆ ಒಂದೇ ರಾತ್ರಿಯ ಬಳಕೆ. ಶ್ರಾವಣದ ಮೋಡಕ್ಕೆ ಏನೂ ಉಳಿಯಲಿಲ್ಲ. 40 ಆಂಪಿಯರ್ ಅವರ್ ಆದರೆ ಎರಡು ರಾತ್ರಿ. ಅರ್ಧ ಬಿಡಬೇಕೆಂದು ಎಂಜಿನಿಯರು ಹೇಳಿದಾಗ ಜನ ನಂಬುವುದು ಕಷ್ಟ. ದುಡ್ಡು ಕೊಟ್ಟದ್ದನ್ನು ಯಾಕೆ ಬಿಡಬೇಕು? ಮುದ್ದೇಬಿಹಾಳದ ಕಡೆ ಒಬ್ಬ ಆಯಿ ಇದನ್ನು ನಮಗಿಂತ ಚೆನ್ನಾಗಿ ಹೇಳಿಕೊಟ್ಟಳು: “ಹಗೇವಿನ ತಳದ ಕಾಳು ಬೀಜಕ್ಕ ಬಿಡ್ತೀವಿಲ್ಲೋ, ಹಂಗ ಇದು.” ಅದಾದ ಮೇಲೆ ನಾವು ಎಲ್ಲ ಕಡೆ ಅವಳ ಮಾತನ್ನೇ ಹೇಳುತ್ತೇವೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ ನೂರರಲ್ಲಿ ಎಂಬತ್ತರವರೆಗೂ ತೆಗೆಯಬಹುದು, ನೀರು ಹಾಕುವ ಕೆಲಸವಿಲ್ಲ, ಬಾಳಿಕೆಯೂ ಹೆಚ್ಚು. ಮೊದಲ ದುಡ್ಡು ಮಾತ್ರ ಜಾಸ್ತಿ. ಎರಡನ್ನೂ ಹತ್ತು ವರ್ಷಕ್ಕೆ ಹಾಕಿ ಲೆಕ್ಕ ಮಾಡಿಸಿದರೆ ಅನೇಕರು ತಾವಾಗಿಯೇ ಎರಡನೆಯದಕ್ಕೆ ಬರುತ್ತಾರೆ.

5. ಕಂತು ಬೆಳೆಯ ಜೊತೆ ನಡೆಯಬೇಕು

ಮನೆಗಳಿಗೆ ಸೌರದೀಪ ಜೋಡಿಸುವ ಸೆಲ್ಕೋ ಸಂಸ್ಥೆಯನ್ನು 1995ರಲ್ಲಿ ನೆವಿಲ್ ವಿಲಿಯಮ್ಸ್ ಅವರೊಂದಿಗೆ ಕಟ್ಟಿದ, 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಹರೀಶ್ ಹಂದೆಯವರು ಒಂದು ಘಟನೆಯನ್ನು ಹೇಳುತ್ತಿರುತ್ತಾರೆ. ತಿಂಗಳಿಗೆ 300 ರೂಪಾಯಿ ತನ್ನಿಂದಾಗದು, ದಿನಕ್ಕೆ 10 ಆದರೆ ಕೊಡಬಲ್ಲೆ ಎಂದು ಬೀದಿ ವ್ಯಾಪಾರಿಯೊಬ್ಬಾಕೆ ಅವರಿಗೆ ಹೇಳಿದ್ದಳಂತೆ. ಗಣಿತಕ್ಕೆ ಎರಡೂ ಒಂದೇ. ಅವಳ ಕೈಗೆ ದುಡ್ಡು ಬರುವುದು ದಿನದ ಲೆಕ್ಕದಲ್ಲಿ, ಅಷ್ಟೇ. ಬಡವರಿಗೆ ಸೋಲಾರ್ ಕೊಳ್ಳುವ ಶಕ್ತಿಯಿಲ್ಲ ಎಂಬ ಮಾತನ್ನು ಆ ಒಂದು ವಾಕ್ಯ ಉರುಳಿಸಿತು.

ನಮ್ಮ ಸೀಮೆಯಲ್ಲಿ ಇದನ್ನು ಇನ್ನೂ ಬಿಡಿಸಿ ನೋಡಬೇಕು. 20,000 ರೂಪಾಯಿ ಸಾಲ, ನೂರಕ್ಕೆ ಹತ್ತರ ಬಡ್ಡಿ, ಐದು ವರ್ಷ ಎಂದುಕೊಂಡರೆ ತಿಂಗಳ ಕಂತು ಸುಮಾರು 425. ಡೇರಿಗೆ ಹಾಲು ಹಾಕುವ ಮನೆಗೆ ಇದು ಸಲೀಸು, ಬಿಲ್ ಬಂದಾಗ ತೆಗೆದಿಟ್ಟರಾಯಿತು. ಬರೀ ತೊಗರಿ-ಜೋಳ ಬೆಳೆಯುವ ಒಣಬೇಸಾಯದ ಮನೆಗೆ ಶ್ರಾವಣದಲ್ಲಿ 425 ಕೂಡ ಭಾರ, ರಾಶಿಯಾದ ಮೇಲೆ ಇಡೀ ವರ್ಷದ್ದು ಒಟ್ಟಿಗೆ ಕಟ್ಟಬಲ್ಲರು. ನಿಂಬೆಯ ಮನೆಗೆ ಬೇಸಿಗೆಯ ದರವೇ ಆಸರೆ. ಕಬ್ಬು ಕಡಿಯಲು ಹೋಗುವವರಿಗೆ ಮುಂಗಡ ಕೈಗೆ ಬರುವ ಹೊತ್ತು ಬೇರೆ. ಆದ್ದರಿಂದ ಕಮ್ಮಟದಲ್ಲಿ ಹನ್ನೆರಡು ತಿಂಗಳ ಮನೆ ಬರೆದು, ಯಾವ ತಿಂಗಳಲ್ಲಿ ದುಡ್ಡು ಬರುತ್ತದೆ, ಯಾವಾಗ ಹೋಗುತ್ತದೆ ಎಂದು ಕಾಳು ಇಡಿಸುತ್ತೇವೆ. ಬ್ಯಾಂಕಿನ ಮ್ಯಾನೇಜರು ಅದನ್ನು ಕಣ್ಣಾರೆ ನೋಡಬೇಕು. ನೋಡಿದವರು ಆರು ತಿಂಗಳ ಕಂತಿಗೆ ಒಪ್ಪಿದ್ದನ್ನು ಕಂಡಿದ್ದೇನೆ. ಅರ್ಜಿ ಮಾತ್ರ ನೋಡಿದವರು ಒಪ್ಪುವುದು ಕಡಿಮೆ.

ಕರ್ನಾಟಕದಲ್ಲಿ ಸೌರದೀಪಕ್ಕೆ ಸಾಲ ಕೊಡುವ ಹಾದಿ ಹೊಸದಲ್ಲ. ಆರಂಭದಲ್ಲಿ ಕೈ ಹಿಡಿದ ಗ್ರಾಮೀಣ ಬ್ಯಾಂಕುಗಳಲ್ಲಿ ಧಾರವಾಡದ ಮಲಪ್ರಭಾ ಗ್ರಾಮೀಣ ಬ್ಯಾಂಕ್ ಒಂದು. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕುಗಳ ಜೊತೆ ಸೌರ ಸಾಲದ ಯೋಜನೆ ನಡೆಸಿತು. ಮಲಪ್ರಭಾ, ಬಿಜಾಪುರ ಗ್ರಾಮೀಣ ಬ್ಯಾಂಕುಗಳು 2005ರಲ್ಲಿ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕಿನಲ್ಲಿ ಸೇರಿದವು, 2025ರ ಮೇ 1ರಿಂದ ಅದೂ ಕರ್ನಾಟಕ ಗ್ರಾಮೀಣ ಬ್ಯಾಂಕಿನ ಭಾಗ. ಪಾಸ್‌ಬುಕ್ಕಿನ ಹೆಸರು ಬದಲಾದಂತೆ ಶಾಖೆಯ ಮುಖಗಳೂ ಬದಲಾಗುತ್ತವೆ. ಹಳೆಯ ಸಾಲ ಹೇಗೆ ತೀರಿತು ಎಂಬ ನೆನಪು ಹೊಸ ಮ್ಯಾನೇಜರರಿಗೆ ಇರುವುದಿಲ್ಲ. ಸಾಲ ತೀರಿಸಿದ ಮನೆಯವರನ್ನು ಮುಂದಿನ ಕಮ್ಮಟಕ್ಕೆ ಕರೆಸಿ ಬ್ಯಾಂಕಿನವರ ಪಕ್ಕದಲ್ಲಿ ಕೂರಿಸಿದರೆ ಅರ್ಧ ಕೆಲಸ ಆದಂತೆ.

6. ಕಾಗದ ಇಲ್ಲದವರನ್ನು ಮೊದಲು ಕೇಳಿ

ಉತಾರ ಅಣ್ಣನ ಹೆಸರಿನಲ್ಲಿ, ಮನೆ ತಮ್ಮನದು. ತಾಂಡಾದ ಮನೆಗೆ ಹಕ್ಕುಪತ್ರವೇ ಇಲ್ಲ. 2023ರ ಜನವರಿಯಲ್ಲಿ ಮಳಖೇಡದಲ್ಲಿ ಹಕ್ಕುಪತ್ರ ಹಂಚಿದಾಗ ವಿಜಯಪುರವೂ ಸೇರಿ ಐದು ಜಿಲ್ಲೆಗಳ ಲಂಬಾಣಿ ಕುಟುಂಬಗಳಿಗೆ ಅದು ತಲುಪಿತು. ಆ ಕಾಗದ ಬಂದ ಮನೆಯಲ್ಲಿ ಬ್ಯಾಂಕಿನ ಮಾತು ಎಷ್ಟು ಸಲೀಸಾಯಿತು ಎಂಬುದನ್ನು ನೋಡಿಯೇ ತಿಳಿಯಬೇಕು. ಇನ್ನೂ ಬಾರದವರಿಗೆ ಸಂಘದ ಸಾಲವೇ ದಾರಿ. ಸಂಘದ ಠರಾವು ಮೊದಲೇ ಬರೆಸಿಟ್ಟುಕೊಳ್ಳಿ.

7. ಪತ್ರಾಸಿನ ಕಾವು, ತೆಳ್ಳನೆ ತಂತಿ

ಪ್ಯಾನೆಲಿಗೆ ಬಿಸಿಲು ಬೇಕು, ಕಾವು ಬೇಡ. ಇದನ್ನು ಒಮ್ಮೆ ಕೈಯಿಂದ ಮುಟ್ಟಿಸಿ ತೋರಿಸಬೇಕು. ಸಾಮಾನ್ಯ ಸಿಲಿಕಾನ್ ಪ್ಯಾನೆಲ್ 25 ಡಿಗ್ರಿಗಿಂತ ಪ್ರತಿ ಡಿಗ್ರಿ ಏರಿದಂತೆ ನೂರರಲ್ಲಿ 0.4ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಮೇ ತಿಂಗಳ ಮಧ್ಯಾಹ್ನ ಪ್ಯಾನೆಲಿನ ಮೈ 60 ಡಿಗ್ರಿ ಮುಟ್ಟಿದರೆ ನೂರರಲ್ಲಿ ಹದಿನಾಲ್ಕು ಹೋಯಿತು. ಪತ್ರಾಸಿನ ಮೇಲೆ ಅಂಗಾತ ಮಲಗಿಸಿದ ಪ್ಯಾನೆಲಿಗೆ ಅಡಿಯಲ್ಲಿ ಗಾಳಿಯೇ ಆಡುವುದಿಲ್ಲ. ಗೇಣಿನಷ್ಟಾದರೂ ಎತ್ತರಿಸಿ, ದಕ್ಷಿಣಕ್ಕೆ ಮುಖ ಮಾಡಿ, ನಮ್ಮ ಅಕ್ಷಾಂಶಕ್ಕೆ ತಕ್ಕಂತೆ ಹದಿನಾರು-ಹದಿನೇಳು ಡಿಗ್ರಿ ಓರೆಯಾಗಿ ಕೂರಿಸಬೇಕು. ರಾಶಿಯ ದಿನಗಳಲ್ಲಿ ಹೊಟ್ಟು ಧೂಳು ಎದ್ದಾಗ ನಸುಕಿನಲ್ಲಿ ಒದ್ದೆ ಬಟ್ಟೆಯಿಂದ ಒರೆಸಬೇಕು. ಕಾದ ಗಾಜಿಗೆ ತಣ್ಣೀರು ಎರಚಬಾರದು.

ತಂತಿಯ ವಿಷಯಕ್ಕೆ ಹುಡುಗರಲ್ಲಿ ಉದಾಸೀನ ಹೆಚ್ಚು. ಕೊಟ್ಟಿಗೆ ಮನೆಯಿಂದ 20 ಮೀಟರ್ ದೂರ ಇದೆ ಎನ್ನಿ. 1 ಚದರ ಮಿಲಿಮೀಟರಿನ ತಾಮ್ರದ ತಂತಿಯಲ್ಲಿ 3 ಆಂಪಿಯರ್ ಹರಿಸಿದರೆ ಹೋಗಿ ಬರುವ ದಾರಿಯಲ್ಲೇ 2 ವೋಲ್ಟ್ ಕರಗುತ್ತದೆ. ಹನ್ನೆರಡು ವೋಲ್ಟಿನ ವ್ಯವಸ್ಥೆಯಲ್ಲಿ ಅದು ಆರನೇ ಒಂದು ಪಾಲು. ಬೀಸುವ ಫ್ಯಾನು ಮುಕ್ಕರಿಯುತ್ತದೆ, ಮನೆಯವರು ಫ್ಯಾನನ್ನೇ ಬೈಯುತ್ತಾರೆ. ಉದ್ದ ತಂತಿ ಒಂದು ಕಡೆ, ತುಂಡು ತಂತಿ ಒಂದು ಕಡೆ ಹಾಕಿ ಅದೇ ಫ್ಯಾನನ್ನು ಓಡಿಸಿ ತೋರಿಸಿದರೆ ಮತ್ತೆ ಹೇಳಬೇಕಿಲ್ಲ.

8. ಮೂರನೆಯ ವರ್ಷ ಯಾರು ಬರುತ್ತಾರೆ?

ಯಾವುದೋ ಯೋಜನೆಯಲ್ಲಿ ಪುಕ್ಕಟೆ ಹಂಚಿದ ಸೋಲಾರ್ ದೀಪಗಳು ಎಷ್ಟೋ ವಸ್ತಿಗಳ ಅಟ್ಟದ ಮೇಲೆ ಬಿದ್ದಿವೆ. ಪ್ಯಾನೆಲ್ ಇಪ್ಪತ್ತೈದು ವರ್ಷ ಬಾಳುವಂಥದ್ದು, ಕೆಟ್ಟದ್ದು ಬ್ಯಾಟರಿ. ಬಹಳ ಕಡೆ ಕಾರಣ ನೀರು. ನಮ್ಮ ಬೋರ್‌ವೆಲ್ ನೀರು ಗಡುಸು. ಡಿಸ್ಟಿಲ್ಡ್ ವಾಟರ್ ಬದಲಿಗೆ ಅದನ್ನೇ ಸುರಿದರೆ ಬ್ಯಾಟರಿಯ ಆಯುಷ್ಯ ಅಲ್ಲಿಗೆ ಮುಗಿಯುತ್ತದೆ. ಹಾಗೆ ಮಾಡಬಾರದೆಂದು ಅವರಿಗೆ ಹೇಳಿದವರಾದರೂ ಯಾರು?

ಈಗ ನಾಲ್ಕೈದು ವಸ್ತಿ ಸೇರಿಸಿ ಇಬ್ಬರಿಗೆ ಮಲ್ಟಿಮೀಟರ್ ಕೊಟ್ಟು ಕಲಿಸುತ್ತೇವೆ. ಆ ಇಬ್ಬರಲ್ಲಿ ಒಬ್ಬಳಾದರೂ ಸೊಸೆಯಾಗಿರಲಿ ಎಂಬುದು ನಮ್ಮ ಹಟ. ಕಲಿತ ಹುಡುಗರು ಪುಣೆಗೋ ಗೋವೆಗೋ ಕೆಲಸ ಹುಡುಕಿ ಹೋಗುತ್ತಾರೆ, ಅವರನ್ನು ತಪ್ಪು ಎನ್ನಲಾಗದು. ಸೊಸೆ ವಸ್ತಿಯಲ್ಲೇ ಇರುತ್ತಾಳೆ. ಬಳಕೆ ನಿಲ್ಲಿಸಿ ಸ್ವಲ್ಪ ಹೊತ್ತಾದ ಮೇಲೆ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ತುಂಬಿದೆ, 12.2 ಎಂದರೆ ಅರ್ಧ, 11.8 ಎಂದರೆ ತಳ ಮುಟ್ಟಿದೆ. ಈ ಮೂರು ಅಂಕಿ ಗೊತ್ತಿದ್ದವಳು ಫೋನಿನಲ್ಲಿ ಮಾತಾಡುವ ರೀತಿಯೇ ಬೇರೆ. ‘ಲೈಟ್ ಹತ್ತವಲ್ದರಿ’ ಎನ್ನುವ ಬದಲು ‘ಪ್ಯಾನೆಲ್‌ನಿಂದ ಹದಿನೆಂಟು ಬರಾಕತ್ತೈತಿ, ಬ್ಯಾಟರಿಗೆ ಹೋಗವಲ್ದು, ಕಂಟ್ರೋಲರ್ ನೋಡ್ರಿ’ ಎಂದು ಹೇಳಿದರೆ ಮೆಕ್ಯಾನಿಕ್ ಸರಿಯಾದ ಸಾಮಾನು ಹಿಡಿದೇ ಬರುತ್ತಾನೆ. ಅವಳ ಈ ಕೆಲಸಕ್ಕೆ ಮನೆಗಿಷ್ಟು ಎಂದು ವಂತಿಗೆ ಗೊತ್ತು ಮಾಡುವುದೂ ಕಮ್ಮಟದಲ್ಲೇ ಆಗಬೇಕು. ಅದನ್ನು ಸೇವೆ ಎಂದು ಹೊಗಳಿ ಬಿಟ್ಟಿಯಾಗಿ ದುಡಿಸುವುದನ್ನು ನಾನು ಒಪ್ಪುವುದಿಲ್ಲ. ಕಾಯಕಕ್ಕೆ ಕೂಲಿ ಇರಬೇಕು.

ಹಳೆಯ ಬ್ಯಾಟರಿಯನ್ನು ಗುಜರಿಯವನಿಗೆ ಕೊಟ್ಟರೆ ಅವನು ಆಮ್ಲವನ್ನು ಹಳ್ಳಕ್ಕೆ ಸುರಿಯುತ್ತಾನೆ. ತಯಾರಕರೇ ಹಳೆಯದನ್ನು ವಾಪಸು ಪಡೆದು ಸಂಸ್ಕರಿಸುವ ಹೊಣೆ ಹೊರಬೇಕೆಂದು 2022ರ ಬ್ಯಾಟರಿ ತ್ಯಾಜ್ಯ ನಿಯಮ ಹೇಳುತ್ತದೆ. ಹೊಸದು ಕೊಳ್ಳುವಾಗ ಹಳೆಯದನ್ನು ಅಂಗಡಿಗೇ ಕೊಟ್ಟು ಬೆಲೆ ಕಡಿಮೆ ಮಾಡಿಸಿಕೊಳ್ಳುವುದನ್ನು ರೂಢಿ ಮಾಡಿಸಿ.

9. ಹೊರಟು ಹೋಗುವವರಿಗೆ ಗೋಡೆಗೆ ಜಡಿದ ದೀಪ ಬೇಡ

ಕಬ್ಬಿನ ಗ್ಯಾಂಗಿನವರು ವರ್ಷದ ಅರ್ಧ ಭಾಗ ಕಬ್ಬಿನ ಗದ್ದೆಯ ಬದುವಿನ ಜೋಪಡಿಯಲ್ಲಿರುತ್ತಾರೆ. ಮನೆಯಲ್ಲಿ ಜೋಡಿಸಿದ ಪ್ಯಾನೆಲಿಗೆ ಕಾವಲಿಲ್ಲ, ಜೋಪಡಿಯಲ್ಲಿ ಕೂಸಿಗೆ ಬೆಳಕಿಲ್ಲ. ಇವರಿಗೆ ಬಿಚ್ಚಿ ಒಯ್ಯುವ ಸಾಮಾನು ಬೇಕು: ಸಣ್ಣ ಪ್ಯಾನೆಲ್, ಒಳಗೇ ಬ್ಯಾಟರಿ ಇರುವ ಎರಡು ದೀಪ, ಮೊಬೈಲಿಗೊಂದು ಪಿನ್ನು. ಕುರಿ ಹಿಂಡಿನ ಜೊತೆ ತಿರುಗುವವರಿಗೂ ಇದೇ. ದರ ಕಡಿಮೆ, ಸಾಲ ಬೇಕಾಗುವುದಿಲ್ಲ. ಮುಂಗಡದ ದುಡ್ಡಿನಲ್ಲಿ ಕೊಂಡುಬಿಡುತ್ತಾರೆ. ಆದರೆ ಗ್ಯಾಂಗು ಹೊರಡುವ ಮುಂಚೆ ಅಂಗಡಿಯಲ್ಲಿ ಮಾಲು ಇರಬೇಕು. ದೀಪಾವಳಿಗೆ ಹದಿನೈದು ದಿನ ಮೊದಲು ತಾಂಡಾದಲ್ಲಿ ತೋರಿಸಿರಬೇಕು.

10. ದೀಪದಿಂದ ದುಡಿಮೆಗೆ ಹೋಗುವಾಗ ಅವಸರ ಬೇಡ

ಬೆಳಕು ಬಂದ ಮನೆಯಲ್ಲಿ ಮುಂದಿನ ಪ್ರಶ್ನೆ ರೊಟ್ಟಿ ಮಷಿನ್, ಹೊಲಿಗೆ ಮಷಿನ್, ಗಿರಣಿ. ಜೋಳದ ರೊಟ್ಟಿಗೆ ಪೇಟೆಯಲ್ಲಿ ಬೇಡಿಕೆ ಉಂಟು. ಸೌರಶಕ್ತಿಯಿಂದ ಓಡುವ ರೊಟ್ಟಿ ಮಷಿನ್ ಉತ್ತರ ಕರ್ನಾಟಕದಲ್ಲಿ ಹೆಣ್ಣುಮಕ್ಕಳ ಕೈಗೆ ಬಂದಿದೆ. ಆದರೆ ಒಂದು ಎಚ್‌ಪಿ ಎಂದರೆ 746 ವ್ಯಾಟ್, ದೀಪದ ಲೆಕ್ಕಕ್ಕೂ ಇದಕ್ಕೂ ಅಜಗಜಾಂತರ. ಹೊಲಿಗೆ ಮಷಿನ್ನಿನ ಡಿಸಿ ಮೋಟರ್ ಕಡಿಮೆಯಲ್ಲಿ ತಿರುಗುತ್ತದೆ, ಅಲ್ಲಿಂದ ಶುರು ಮಾಡುವುದು ಒಳ್ಳೆಯದು. ರೊಟ್ಟಿ ಮಷಿನ್ ಕೊಳ್ಳುವ ಮೊದಲು ಕೈಯಿಂದಲೇ ಬಡಿದು ಮೂರು ತಿಂಗಳು ಮಾರಿ ನೋಡಲಿ. ಗಿರಾಕಿ ನಿಂತರೆ ಯಂತ್ರ.

ಪಿಎಂ-ಕುಸುಮ್ ಯೋಜನೆಯ ಸೋಲಾರ್ ಪಂಪ್‌ಸೆಟ್ಟಿಗೆ ಕರ್ನಾಟಕದಲ್ಲಿ ಕೇಂದ್ರದ್ದು 30, ರಾಜ್ಯದ್ದು 50 ಪಾಲು ಸಹಾಯಧನ, ರೈತನ ಪಾಲು ನೂರಕ್ಕೆ 20. ಪಂಪು ವರ್ಷವಿಡೀ ಓಡುವುದಿಲ್ಲ. ಓಡದ ದಿನ ಅಷ್ಟು ದೊಡ್ಡ ಪ್ಯಾನೆಲ್ ಸಾಲು ಸುಮ್ಮನೆ ಬಿಸಿಲು ಕಾಯುತ್ತದೆ. ಅದೇ ಶಕ್ತಿಯನ್ನು ಕಣಕಿ ಕತ್ತರಿಸುವ ಯಂತ್ರಕ್ಕೋ ಗಿರಣಿಗೋ ತಿರುಗಿಸಬಲ್ಲ ಕಂಟ್ರೋಲರುಗಳು ಬಂದಿವೆ. ಪಂಪಿಗೆ ಅರ್ಜಿ ಹಾಕುವವರು ಇದನ್ನು ಮೊದಲೇ ಕೇಳಿ ತಿಳಿಯಲಿ.

ಒಲೆಯ ವಿಷಯ ಇನ್ನೂ ಬಗೆಹರಿದಿಲ್ಲ. 2016ರ ಉಜ್ವಲದ ಸಿಲಿಂಡರ್ ಮನೆಯಲ್ಲಿದೆ, ಚಹಾಕ್ಕೆ ಹತ್ತುತ್ತದೆ. ರೊಟ್ಟಿಗೆ ತೊಗರಿ ಕಟ್ಟಿಗೆ, ಕುಳ್ಳು, ಜಾಲಿಯ ತುಂಡು. ಗೋಬರ್ ಗ್ಯಾಸಿಗೆ ದಿನಕ್ಕೆ ಒಂದು ಘನ ಮೀಟರಿಗೆ 25 ಕೆ.ಜಿ. ಸಗಣಿ ಬೇಕು. ಸಣ್ಣ ಕುಟುಂಬಕ್ಕೆ ಎರಡು ಘನ ಮೀಟರ್, ಅಂದರೆ 50 ಕೆ.ಜಿ., ನಾಲ್ಕೈದು ದನ. ಸಗಣಿಯಷ್ಟೇ ನೀರು. ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾಯುವ ಮನೆಗೆ ದಿನಕ್ಕೆ 50 ಲೀಟರ್ ಗುಂಡಿಗೆ ಸುರಿಯಿರಿ ಎಂದು ಹೇಳಲು ನನಗೆ ನಾಲಿಗೆ ಏಳುವುದಿಲ್ಲ. ಕಾಲುವೆ ಮುಟ್ಟಿದ, ದನ ಇರುವ ಮನೆಗಳಿಗೆ ಮಾತ್ರ ಅದನ್ನು ಹೇಳುತ್ತೇವೆ. ಉಳಿದವರಿಗೆ ಅದೇ ‘ಅಸ್ತ್ರ’ ಕೇಂದ್ರದ ಒಲೆಯಂತೆ ಹೊಗೆ ಕೊಳವೆ ಇರುವ, ಉರಿ ಬಿಗಿಯಾಗಿ ಪಾತ್ರೆಗೆ ತಾಗುವ ಒಲೆ. ಅದನ್ನು ಕಟ್ಟುವ ಗಾರೆಯವರಿಗೂ ಕಮ್ಮಟ ಬೇಕು; ಹೊಗೆ ಕೊಳವೆಯ ಅಳತೆ ತಪ್ಪಿದರೆ ಹೊಗೆ ಮನೆಯೊಳಗೇ ಸುತ್ತುತ್ತದೆ.

11. ಸೋಲಾರ್ ಬಂತೆಂದು ಕಂಬದ ಹಕ್ಕು ಬಿಡಬೇಡಿ

‘ನಿಮಗೆ ಸೋಲಾರ್ ಇದೆಯಲ್ಲ’ ಎಂಬ ಮಾತು ಕಚೇರಿಗಳಲ್ಲಿ ಕೇಳಿಬರುತ್ತದೆ. ವಸ್ತಿಯವರು ಅದಕ್ಕೆ ಸುಮ್ಮನಾಗಬಾರದು. 40 ವ್ಯಾಟಿನ ಪ್ಯಾನೆಲ್ ದೀಪ ಕೊಡುತ್ತದೆ, ಮಿಕ್ಸರ್ ತಿರುಗಿಸುವುದಿಲ್ಲ, ಫ್ರಿಜ್ಜಿನಲ್ಲಿ ಸಕ್ಕರೆ ಕಾಯಿಲೆಯ ಇನ್ಸುಲಿನ್ ಕಾಯುವುದಿಲ್ಲ. ಊರಿನ ಮನೆಗೆ ಗೃಹಜ್ಯೋತಿಯಲ್ಲಿ 200 ಯೂನಿಟ್‌ವರೆಗೆ ಉಚಿತ ಸಿಗುವಾಗ ಅದೇ ಪಂಚಾಯಿತಿಯ ವಸ್ತಿಮನೆಯವರು ದೀಪಕ್ಕಾಗಿ ಸಾಲ ತೀರಿಸುತ್ತಿರುತ್ತಾರೆ. ಇದು ನ್ಯಾಯವಲ್ಲ. ರಾತ್ರಿ ಸಿಂಗಲ್ ಫೇಸ್ ಕೇಳುವುದು ಅವರ ಹಕ್ಕು.

ಆದ್ದರಿಂದ ಪ್ರತಿ ಕಮ್ಮಟದ ಕೊನೆಗೆ ಒಂದು ಪಟ್ಟಿ ಬರೆಸುತ್ತೇವೆ. ಮನೆಯ ಯಜಮಾನಿಯ ಹೆಸರು, ಮನೆಯಲ್ಲಿ ಎಷ್ಟು ಜನ, ಮೀಟರ್ ಇದ್ದರೆ ಆರ್.ಆರ್. ನಂಬರ್, ಹತ್ತಿರದ ಕಂಬ ಎಷ್ಟು ಮೀಟರ್, ಯಾವ ಫೀಡರ್, ಕಳೆದ ವಾರ ಯಾವ ರಾತ್ರಿ ಎಷ್ಟು ಹೊತ್ತು ಲೈಟ್ ಇತ್ತು. ಈ ಕೊನೆಯ ಸಾಲನ್ನು ಶಾಲೆಗೆ ಹೋಗುವ ಮಕ್ಕಳು ಕ್ಯಾಲೆಂಡರಿನ ಮೇಲೆ ಗುರುತು ಹಾಕಿ ತಂದುಕೊಡುತ್ತಾರೆ. ಪಟ್ಟಿಗೆ ಮೂರು ಪ್ರತಿ: ಒಂದು ಹೆಸ್ಕಾಂನ ಸೆಕ್ಷನ್ ಕಚೇರಿಗೆ, ಒಂದು ಗ್ರಾಮ ಪಂಚಾಯಿತಿಗೆ, ಒಂದು ವಸ್ತಿಯ ಸಂಘದ ಪೆಟ್ಟಿಗೆಗೆ. ಮೊದಲೆರಡಕ್ಕೂ ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡು ಬರುವುದು ಸಂಘದವರ ಕೆಲಸ. ಮುಂದಿನ ಗ್ರಾಮಸಭೆಯಲ್ಲಿ ಆ ಮುದ್ರೆಯ ಹಾಳೆಯನ್ನು ಎತ್ತಿ ಹಿಡಿದು ಓದುವವರು ಯಾರು ಎಂಬುದನ್ನೂ ಅಂದೇ, ಅದೇ ಚಾಪೆಯ ಮೇಲೆ, ಹೆಸರು ಬರೆದು ಗೊತ್ತು ಮಾಡುತ್ತೇವೆ.